ಮಡಿಯುಟ್ಟು ನಲ್ಲಿ ಬಿಚ್ಚಿದ್ದು

ಮಡಿಕೇರಿಯ ನಮ್ಮ ಮನೆಯಲ್ಲಿ ನಲ್ಲಿಗಳೂ ಎರಡು ಜಾತಿ. ಬಚ್ಚಲಿನದು, ಹಿತ್ತಿಲಿನದು, ಪಾತ್ರೆ ತೊಳೆಯುವ ಕಡೆಯದು, ಇವೆಲ್ಲ ಮಾಮೂಲಿ ನಲ್ಲಿಗಳು. ಯಾರು ಬೇಕಾದರೂ ತಿರುಗಿಸಬಹುದು. ಅಡುಗೆಮನೆಯ ಮೂಲೆಯಲ್ಲಿರುವ ಹಿತ್ತಾಳೆಯದು ಮಾತ್ರ ಮಡಿ ನಲ್ಲಿ. ಸ್ನಾನ ಮಾಡಿ, ಯಾರೂ ಮುಟ್ಟದ ಮಡಿ ಸೀರೆ ಉಟ್ಟವರಷ್ಟೇ ಅದಕ್ಕೆ ಕೈ ಹಚ್ಚಬೇಕು. ಕುಶಾಲನಗರದಿಂದ ಮದುವೆಯಾಗಿ ಬಂದ ಹೊಸತರಲ್ಲಿ ನಾನೊಮ್ಮೆ ಎಂಜಲು ಕಾಫಿ ಲೋಟ ಹಿಡಿದುಕೊಂಡು ಅದರ ಕಡೆ ಹೋಗಿದ್ದೆ. ಅತ್ತೆ ಕೂಗಿದ ಕೂಗಿಗೆ ಲೋಟ ಕೈಯಿಂದ ಬಿದ್ದೇ ಹೋಯಿತು.

ಆ ನಲ್ಲಿ ಹಾಕಿಸಿದವರು ಮಾವ. ಅತ್ತೆಗೆ ಮಂಡಿನೋವು ಶುರುವಾಗಿ ಬಾವಿಯಿಂದ ನೀರು ಸೇದಲು ಆಗದಿದ್ದಾಗ, ಮೇಲೊಂದು ಪುಟ್ಟ ಟ್ಯಾಂಕಿಟ್ಟು ಬಾವಿಯ ನೀರನ್ನೇ ಅಡುಗೆಮನೆಗೆ ಇಳಿಸಿದರಂತೆ. ಅತ್ತೆ ಅಷ್ಟು ಸುಲಭಕ್ಕೆ ಒಪ್ಪುವ ಆಸಾಮಿಯೇ? ನಲ್ಲಿಯೊಳಗೆ ಚರ್ಮದ ಬಿಲ್ಲೆ ಇರುತ್ತದೆ, ಆ ನೀರು ಮೈಲಿಗೆ ಅಂತ ಅವರ ತಾಯಿ ಹೇಳಿದ್ದರಂತೆ. ಮಾವ ದೇವರ ಮುಂದೆ ನಿಂತು, ಇದರೊಳಗಿರುವುದು ರಬ್ಬರು, ಚರ್ಮ ಅಲ್ಲವೇ ಅಲ್ಲ ಎಂದು ಆಣೆ ಮಾಡಿದ ಮೇಲೆಯೇ ಅತ್ತೆ ಆ ನೀರಿನಲ್ಲಿ ಅನ್ನಕ್ಕಿಟ್ಟದ್ದು. ಅಂದಿನಿಂದ ದೇವರ ಅಭಿಷೇಕಕ್ಕೂ ಅದೇ ನೀರು, ಅತ್ತೆಯ ಗಂಟಲಿಗೂ ಅದೇ ನೀರು. ನೆಂಟರ ಮದುವೆಗೆ ಹೋದರೂ ಒಂದು ಚೊಂಬು ಜೊತೆಗೇ ಬರುತ್ತದೆ.

ಅಂಥ ನಲ್ಲಿ ಕೆಡುವುದಕ್ಕೆ ಮಾವನ ಶ್ರಾದ್ಧದ ಹಿಂದಿನ ದಿನವೇ ಆಗಬೇಕೇ! ಬೆಳಿಗ್ಗೆ ಸುಮ್ಮನೆ ತೊಟ್ಟಿಕ್ಕುತ್ತಿತ್ತು. ನನ್ನ ಗಂಡ ದೇವಸ್ಥಾನದ ಅರ್ಚಕರು. ಮಂತ್ರದಲ್ಲಿ ಒಂದು ಸ್ವರ ತಪ್ಪಿದರೆ ರಾತ್ರಿ ನಿದ್ದೆ ಬಾರದ ಮನುಷ್ಯ, ಆದರೆ ಒಂದು ಬಲ್ಬು ಬದಲಾಯಿಸಲು ಬಾರದು. ಬಿಗಿ ಮಾಡುತ್ತೇನೆ ಅಂತ ಹೋಗಿ, ತೊಟ್ಟಿಕ್ಕುತ್ತಿದ್ದುದನ್ನು ಧಾರೆಯಾಗಿ ಸುರಿಯುವ ಹಾಗೆ ಮಾಡಿಟ್ಟರು.

"ಪ್ಲಂಬರ್‌ಗೆ ಫೋನ್ ಮಾಡ್ತೀನಿ," ಅಂದೆ.

"ಅಡುಗೆಮನೆ ತೊಳೆದು ಮಡಿ ಮಾಡಿ ಆಗಿದೆ. ನಾಳೆ ಶ್ರಾದ್ಧ ಮುಗಿಯೋ ತನಕ ಹೊರಗಿನವರು ಯಾರೂ ಇಲ್ಲಿಗೆ ಕಾಲಿಡೋ ಹಾಗಿಲ್ಲ," ಅಂದರು ಅತ್ತೆ.

"ಮತ್ತೆ ನಾಳೆ ಅಡುಗೆಗೆ ನೀರು?"

"ನೀನು ಡಿಗ್ರಿ ಓದಿದವಳಲ್ವಾ ಮಾರಾಯ್ತಿ, ಮಾಡು."

ನಾನು ಓದಿದ್ದು ಇತಿಹಾಸ. ಆದರೆ ಬೇರೆ ದಾರಿಯೂ ಇರಲಿಲ್ಲ. ಬಾವಿಗೆ ಕಾಂಕ್ರೀಟು ಮುಚ್ಚಿ ಮೋಟಾರು ಕೂರಿಸಿ ಆಗಿತ್ತು. ಟ್ಯಾಂಕು ಖಾಲಿಯಾದರೆ ತುಂಬಿಸಲು ಕರೆಂಟು ಬೇಕು, ನಮ್ಮೂರಿನ ಕರೆಂಟಿನ ಕತೆ ಕೇಳಲೇಬೇಡಿ. ನೀರಿಲ್ಲದಿದ್ದರೆ ಅಡುಗೆಯಿಲ್ಲ, ಅಡುಗೆಯಿಲ್ಲದಿದ್ದರೆ ಶ್ರಾದ್ಧವಿಲ್ಲ. ಬೇರೆ ನೀರಿನಲ್ಲಿ ಮಾಡಿದ ಅಡುಗೆಯನ್ನು ಅತ್ತೆ ಗಂಡನ ಹೆಸರಿಗೆ ಬಡಿಸುವುದುಂಟೇ!

ಹೀಗಾಗಿ ನಾನು ಮಟಮಟ ಮಧ್ಯಾಹ್ನ ತಲೆಗೆ ಸ್ನಾನ ಮಾಡಿ, ಮಡಿ ಸೀರೆಗೆ ಕಚ್ಚೆ ಹಾಕಿ, ಚಳಿಗೆ ಹಲ್ಲು ಕಟಕಟ ಅನ್ನಿಸುತ್ತ ಪ್ಲಂಬರ್ ಆದೆ. ಸ್ಪ್ಯಾನರಿಗೆ ಅತ್ತೆ ಹುಣಸೆಹಣ್ಣು ಹಚ್ಚಿ ಉಜ್ಜಿ ತೊಳೆದುಕೊಟ್ಟರು. ಗಂಡ ಅಂಗಡಿಯಿಂದ ಹೊಸ ರಬ್ಬರ್ ವಾಷರನ್ನೂ, ನಲ್ಲಿಯ ತಿರುಪಿಗೆ ಸುತ್ತುವ ಬಿಳಿ ಟೇಪನ್ನೂ ತಂದಿದ್ದರು. ಆ ಟೇಪನ್ನು ಅತ್ತೆ ಅನುಮಾನದಿಂದ ನೋಡಿದರು.

"ಅದೇನು, ಹತ್ತಿದಾ ರೇಷ್ಮೆದಾ?"

ರೇಷ್ಮೆಗೆ ಮೈಲಿಗೆ ಇಲ್ಲ ಅನ್ನುವುದು ನನಗೆ ಗೊತ್ತು. "ರೇಷ್ಮೆ ಥರದ್ದೇ ಅತ್ತೆ," ಅಂದೆ. ಪಾಸಾಯಿತು.

ಹೇಗೆ ಬಿಚ್ಚಬೇಕೆಂದು ತೋರಿಸುವ ವಿಡಿಯೋ ಒಂದನ್ನು ಗಂಡ ಹಚ್ಚಿ, ಫೋನನ್ನು ಹೊಸ್ತಿಲ ಹೊರಗೆ ಒರಗಿಸಿಟ್ಟು, ಟ್ಯಾಂಕಿನ ವಾಲ್ವ್ ಮುಚ್ಚಲು ಮೇಲೆ ಹತ್ತಿದರು. ಅವರು ಅತ್ತ ಹೋದದ್ದೇ ತಡ, ಇತ್ತ ಫೋನಿನಲ್ಲಿ ಯಾರೋ ಒಬ್ಬಳು ಬಂದು ಕೂದಲೆಣ್ಣೆಯನ್ನು ಹೊಗಳತೊಡಗಿದಳು. ಅವಳನ್ನು ದಾಟಿಸೋಣವೆಂದರೆ ಮಡಿಯಲ್ಲಿರುವ ನಾನು ಫೋನು ಮುಟ್ಟುವಂತಿಲ್ಲ, ಅತ್ತೆಯೂ ಮುಟ್ಟುವಂತಿಲ್ಲ. ಅತ್ತೆ ನಾಳೆಗೆಂದು ತಂದಿಟ್ಟಿದ್ದ ದರ್ಭೆಯೊಂದನ್ನು ಎಳೆದು ಅದರ ತುದಿಯಿಂದ ಒತ್ತಿ ನೋಡಿದರು. ದರ್ಭೆಗೆ ಪಿತೃಗಳು ಬರುತ್ತಾರೆ, ಜಾಹೀರಾತು ಹೋಗುವುದಿಲ್ಲ. ಕೂದಲೆಣ್ಣೆ ಮುಗಿಯುವವರೆಗೆ ನಾವಿಬ್ಬರೂ ನಿಂತು ಕೇಳಿದೆವು.

"ಮುಚ್ಚಿದೆ!" ಎಂದು ಮೇಲಿನಿಂದ ಕೂಗು ಬಂತು. ಸ್ಪ್ಯಾನರ್ ಹಾಕಿ ತಿರುಗಿಸಿದೆ. ಅವರು ಮುಚ್ಚಿದ್ದು ಬಚ್ಚಲಿನ ವಾಲ್ವು! ನಲ್ಲಿಯ ತಲೆ ಕೈಗೆ ಬಂತು, ನೀರು ಸೀದಾ ನನ್ನ ಮುಖಕ್ಕೆ ರಾಚಿ ಸೂರಿಗೆ ಹಾರಿತು. "ಅಯ್ಯಯ್ಯೋ, ಇನ್ನೊಂದು ರೀ, ಇನ್ನೊಂದು!" ಎಂದು ಬೊಬ್ಬೆ ಹೊಡೆದೆ.

"ಹೆದರ್ಬೇಡ, ಮಡಿ ನೀರೇ," ಎಂದು ಸಮಾಧಾನ ಹೇಳಿದರು ಅತ್ತೆ.

ಈ ಗಲಾಟೆಗೆ ಪಕ್ಕದ ಮನೆಯ ನಾಯಿ ಬೊಗಳಲು ಶುರುಮಾಡಿತು. ಅತ್ತೆಗೆ ರೇಗಿತು. "ಆ ವಂಶವೇ ಸರಿಯಿಲ್ಲ. ಇದರ ಅಜ್ಜಿ ನಿಮ್ಮ ಮಾವನ ಹೊಸ ಚಪ್ಪಲಿ ಕಚ್ಚಿ ತೂತು ಮಾಡಿತ್ತು!" ಈ ಚಪ್ಪಲಿ ಪುರಾಣ ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ಹಿಮ್ಮಡಿಯ ಜಾಗದಲ್ಲಿ ಗುಂಡಗೆ ತೂತು ಬಿದ್ದ ಆ ಚಪ್ಪಲಿಯನ್ನು ಅತ್ತೆ ಬೇಲಿಯ ಮೇಲೆ ಎತ್ತಿ ತೋರಿಸಿ ಜಗಳವಾಡಿದ್ದರಂತೆ. ಆವತ್ತಿನಿಂದ ಆ ಮನೆಯವಳಿಗೂ ಇವರಿಗೂ ಮಾತಿಲ್ಲ.

ಅಂತೂ ನೀರು ನಿಂತಿತು. ನಲ್ಲಿಯ ತಲೆಯನ್ನು ತಿರುವಿ ಹಳೆಯ ವಾಷರನ್ನು ಉಗುರಿನಿಂದ ಎಬ್ಬಿಸಿದೆ. ಕಪ್ಪಗೆ, ಸವೆದು, ಒಂದು ಕಡೆ ಸಣ್ಣಗೆ ಹೊಲಿಗೆಯ ತೂತುಗಳು. ರಬ್ಬರಿಗೆ ಎಲ್ಲಾದರೂ ಹೊಲಿಗೆ ಹಾಕುತ್ತಾರೆಯೇ? ಮೂಸಿದೆ. ಚರ್ಮ!

ಅಷ್ಟರಲ್ಲಿ ಹೊಸ್ತಿಲಿಗೆ ಬಂದ ಗಂಡನಿಗೆ ಅಂಗೈ ತೆರೆದು ತೋರಿಸಿದೆ. ಹೇಳಬೇಡ ಎಂದು ಅವರು ಕಣ್ಣಲ್ಲೇ ಬೇಡಿಕೊಂಡರು. ಹೇಗೆ ಹೇಳಲಿ? ಇಷ್ಟು ವರ್ಷದ ಪೂಜೆ, ಇಷ್ಟು ವರ್ಷದ ಉಪವಾಸ ಎಲ್ಲ ಈ ಬಿಲ್ಲೆಯ ಮೇಲೆ ಹರಿದು ಬಂದ ನೀರಿನಲ್ಲೇ ಆಗಿತ್ತು. ಗೊತ್ತಾದರೆ ನಾಳೆಯ ಶ್ರಾದ್ಧವಿರಲಿ, ಮುದುಕಿ ಇವತ್ತೇ ನೀರು ಕುಡಿಯುವುದನ್ನೇ ಬಿಟ್ಟಾರು. ಮುಟ್ಟಿದ್ದಕ್ಕೆ ನನ್ನ ಮಡಿಯೂ ಹೋಯಿತು. ಮತ್ತೆ ಸ್ನಾನಕ್ಕೆ ಹೋದರೆ ಯಾಕೆಂದು ಕೇಳುತ್ತಾರೆ. ಬಾಯಿ ಮುಚ್ಚಿಕೊಂಡು ಹೊಸ ವಾಷರ್ ಕೂರಿಸಲು ಹೋದೆ. ಈ ಕಾಲದ ವಾಷರು ಆ ಕಾಲದ ನಲ್ಲಿಗೆ ಹಿಡಿಸಬೇಕಲ್ಲ? ಒಳಗೆ ಲೊಳಲೊಳ ಅಂದಿತು. ಅಳು ಬರುವ ಹಾಗಾಯಿತು.

"ಎಡಗೈಲಿ ಏನದು? ಕೊಡಿಲ್ಲಿ," ಅಂದರು ಅತ್ತೆ.

"ಏನಿಲ್ಲ ಅತ್ತೆ, ಕಸ."

"ಕಸಕ್ಕೆ ಇಷ್ಟು ಮುಷ್ಟಿ ಯಾಕೆ?"

ಕೊಟ್ಟೆ. ಅತ್ತೆ ಕಿಟಕಿಯ ಬೆಳಕಿಗೆ ಹೋಗಿ ಅದನ್ನು ಹಿಂದೆ ಮುಂದೆ ತಿರುಗಿಸಿದರು. ಹೊಲಿಗೆಯ ತೂತುಗಳ ಮೇಲೆ ಹೆಬ್ಬೆರಳಾಡಿಸಿದರು. ಗಂಡ ಹೊಸ್ತಿಲಲ್ಲಿ ಕಣ್ಣುಮುಚ್ಚಿ ಏನೋ ಮಣಮಣ ಜಪಿಸುತ್ತಿದ್ದರು.

"ಹಾಗಾದ್ರೆ ನಾಯಿ ಅಲ್ಲ," ಅಂದರು ಅತ್ತೆ.

ನಮಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ನಾನು ಯೋಚಿಸಿದೆ, ಯಾವ ನಾಯಿ ತಾನೇ ಅಷ್ಟು ಗುಂಡಗೆ ಕಚ್ಚೀತು?

ಅತ್ತೆ ಅಲ್ಲೇ ಮಣೆಯ ಮೇಲೆ ಕೂತರು. "ಚಪ್ಪಲಿ ತೂತಾದ ದಿನವೂ ನಲ್ಲಿ ಹೀಗೇ ಕೆಟ್ಟಿತ್ತು. ರಸ್ತೆಯೆಲ್ಲ ಕುಸಿದು ಪೇಟೆಗೆ ಹೋಗೋ ಹಾಗಿರಲಿಲ್ಲ. ಪ್ಲಂಬರ್ ಒಳಗೆ ಬರಬಾರದು ಅಂತ ನಾನು, ಬಾವಿ ಹತ್ರ ನೀನು ಹೋಗಬಾರದು ಅಂತ ಅವರು. ನಾನು ಅತ್ತುಬಿಟ್ಟೆ. ಒಂದು ಗಳಿಗೆ ಇರು ಅಂತ ಹೇಳಿ ಜಗಲಿಗೆ ಹೋದರು. ಬಂದು ಸರಿ ಮಾಡಿದರು." ಅವರ ಗಲ್ಲ ನಡುಗುತ್ತಿತ್ತು. ಸಿಟ್ಟೋ, ಅಳುವೋ ಅಂತ ನಾನು ನೋಡುತ್ತಿದ್ದ ಹಾಗೆಯೇ ಫಕ್ಕನೆ ನಕ್ಕುಬಿಟ್ಟರು. "ಕಳ್ಳ! ನಾನು ಆ ಮನೆ ಜೊತೆ ಜಗಳಕ್ಕೆ ನಿಂತಾಗ, ಹೋಗಲಿ ಬಿಡೆ, ಪಾಪದ ನಾಯಿ ಅಂತ ಪಕ್ಕದಲ್ಲೇ ನಿಂತು ಹೇಳಿದ್ದರು!"

"ಅಮ್ಮಾ, ನಾಳೆ ಏನು ಮಾಡೋದು?" ಗಂಡ ಮೆಲ್ಲಗೆ ಕೇಳಿದರು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಬಿಲ್ಲೆಯನ್ನು ನನ್ನ ಅಂಗೈಗೆ ಹಾಕಿದರು. "ಕೊಬ್ಬರಿ ಎಣ್ಣೆಯಲ್ಲಿ ಅದ್ದಿ, ಮಗುಚಿ ಕೂರಿಸು. ನಾಳೆ ಊಟಕ್ಕೆ ಬರೋರು ಅವರೇ ತಾನೇ? ತಮ್ಮ ಚಪ್ಪಲಿ ನೀರು ತಾವೇ ಕುಡೀಲಿ."

ಕೂರಿಸಿದೆ. ಒಂದು ಹನಿಯೂ ಸೋರಲಿಲ್ಲ.

ಮರುದಿನ ಶ್ರಾದ್ಧವಾಗಿ ಎಲ್ಲರ ಊಟ ಮುಗಿದ ಮೇಲೆ, ಅತ್ತೆ ಎರಡು ವಡೆ ಹಿಡಿದುಕೊಂಡು ಕಾಲೆಳೆಯುತ್ತ ಬೇಲಿಯ ಹತ್ತಿರ ಹೋದರು. ನಾಯಿ ಮೈಮೇಲೆ ಬರುವ ಹಾಗೆ ಬೊಗಳಿತು. "ಬೊಗಳು, ಬೊಗಳು. ನಿಮ್ಮಜ್ಜಿ ಮೇಲೆ ಸುಮ್ಮನೆ ಅಪವಾದ ಹೊರಿಸಿದೆ," ಎಂದು ವಡೆ ಎಸೆದರು. ಸದ್ದು ಕೇಳಿ ಆ ಮನೆಯವಳು ಬಾಗಿಲಿಗೆ ಬಂದಳು. ಅವಳ ತಲೆಯೂ ಬೆಳ್ಳಗಾಗಿದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು.

"ಊಟ ಆಯ್ತಾ?" ಅಂತ ಕೇಳಿದರು ಅತ್ತೆ.