ಎಲ್ಲರ ಬಾಯಿ ದೊಡ್ಡಮ್ಮ

ಬೌದ್ಧಿಕ ನ್ಯೂನತೆಯುಳ್ಳ ವಯಸ್ಕರ ಆ ಆರೈಕೆ ಮನೆಯಲ್ಲಿ ನಾಲಿಗೆಗಳು ಎಷ್ಟಿದ್ದರೂ ಮಾತು ಮಾತ್ರ ಮೇಲ್ವಿಚಾರಕಿ ದೊಡ್ಡಮ್ಮನದೊಂದೇ. ವೈದ್ಯರು "ಎಲ್ಲಿ ನೋವಪ್ಪಾ?" ಎಂದರೆ ಮಂಚದ ಮೇಲಿದ್ದವನು ತುಟಿ ಬಿಚ್ಚುವ ಮೊದಲೇ ಇವಳು "ಹೊಟ್ಟೆ ಡಾಕ್ಟ್ರೇ, ನಿನ್ನೆಯಿಂದ" ಎನ್ನುತ್ತಾಳೆ. ಮಾತು ಕಲಿಸುವ ಟೀಚರು ಚೆಂಡಿನ ಚಿತ್ರ ಎತ್ತಿ ಹಿಡಿದರೆ ಬಾಗಿಲಿಂದಲೇ "ಚೆಂಡು!" ಎಂದು ಕೂಗುತ್ತಾಳೆ. "ಪರೀಕ್ಷೆ ನಿಮಗಲ್ಲ ದೊಡ್ಡಮ್ಮಾ" ಎಂದರೆ, "ಪಾಪ, ಅವಕ್ಕ್ಯಾಕಮ್ಮಾ ತೊಂದರೆ!" ಎಂದು ನಗುತ್ತಾಳೆ. ಮನೆಯವರ ಫೋನು ಬಂದರಂತೂ ಅಲ್ಲಿರುವ ಒಬ್ಬೊಬ್ಬರ ದನಿಯನ್ನೂ ತಾನೇ ತೆಗೆಯುತ್ತಾಳೆ. ತೊದಲು, ಗೊಗ್ಗರು, ಕೇಕೆ ಎಲ್ಲವೂ ಪಕ್ಕಾ. ಆಚೆ ತಾಯಿ, ಮಗನೇ ಮಾತಾಡಿದನೆಂದು ಕಣ್ಣೊರೆಸಿಕೊಳ್ಳುತ್ತಾಳೆ. ಈಚೆ ಮಗ, ತನ್ನ ದನಿ ಇನ್ನೊಬ್ಬರೊಳಗಿಂದ ಬರುವುದನ್ನು ಮಿಸುಕಾಡದೆ ಕೇಳುತ್ತಾನೆ. ಪ್ರೀತಿಯೇ, ಅಲ್ಲವೆಂದವರು ಯಾರು? ಆದರೆ ಪ್ರೀತಿಯಿಂದ ಹೊದಿಸಿದ ಕಂಬಳಿಯೂ ಮೂಗು ಮುಚ್ಚಿದರೆ ಉಸಿರು ಕಟ್ಟುತ್ತದೆ. ಮೊನ್ನೆ ಶೀತವಾಗಿ ದೊಡ್ಡಮ್ಮನ ಸ್ವರವೇ ಬಿದ್ದುಹೋಯಿತು. ಅದೇ ದಿನ ಒಬ್ಬನ ಅಕ್ಕ ಬಂದು, ತಮ್ಮನ ಕೈ ಹಿಡಿದು, "ನನ್ ಜೊತೆ ಮನೆಗೆ ಬರ್ತೀಯೇನೋ, ಇಲ್ಲೇ ಇರ್ತೀಯೋ? ನೀನ್ ಹೇಳಿದ ಹಾಗೇ ಆಗ್ಲಿ" ಎಂದಳು. ಅವನು ಬಾಯಿ ತೆರೆದ. ಸದ್ದಿಲ್ಲದೆ ತುಟಿಗಳಷ್ಟೇ ಆಡಿದವು, ಕಣ್ಣು ದೊಡ್ಡಮ್ಮನ ಗಂಟಲ ಮೇಲೆ ನೆಟ್ಟಿತ್ತು. ಕೋಣೆಯಲ್ಲಿದ್ದ ಉಳಿದವರೂ ಒಬ್ಬೊಬ್ಬರಾಗಿ ಬಾಯಿ ತೆರೆದು ಅವಳತ್ತಲೇ ತಿರುಗಿ ಕಾದರು. ಸ್ವರ ಸರಿಯಿದ್ದಿದ್ದರೂ ಅವನ ಪರವಾಗಿ ಏನು ಹೇಳಬೇಕೆಂದು ದೊಡ್ಡಮ್ಮನಿಗೆ ತಿಳಿಯುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ನಿನಗೇನು ಬೇಕೆಂದು ಅವನನ್ನು ಅವಳು ಒಂದು ಸಲವೂ ಕೇಳಿರಲಿಲ್ಲ.