ಗುಡುಗಿಗೆ ಕಿತ್ತ ಸರ್ವರ್

ಪಂಪ್‌ವೆಲ್‌ನಲ್ಲಿ ಮೀನು ರಫ್ತು ಮಾಡುವ ಆಫೀಸೊಂದರ ಇಮೇಲ್ ಸರ್ವರ್ ನೋಡಿಕೊಳ್ಳುತ್ತಿದ್ದವನು ನಾನು. ಅದು ಕೆಟ್ಟು ನಿಂತರೆ ಬರುವ ಇಮೇಲ್‌ಗಳನ್ನು ಹಿಡಿದಿಡಲು ಇನ್ನೊಂದು ಸರ್ವರ್ ಬೇಕೇ ಬೇಕು ಎಂದು ತಿಂಗಳುಗಟ್ಟಲೆ ಧಣಿಗಳ ತಲೆ ತಿಂದಿದ್ದೆ. "ಸುಮ್ಮನೆ ಕೂತಿರುವ ಮೆಶಿನ್ ಎಂತಕ್ಕೆ ಮಾರಾಯ?" ಎಂದು ಅವರು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಶನಿವಾರ ಸಂಜೆ ಗುಡುಗು ಶುರುವಾಯಿತು. ಗುಡುಗಿದರೆ ಪ್ಲಗ್ ಕೀಳುವುದನ್ನು ನಮ್ಮೂರಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆಫೀಸಿನ ಬಾಗಿಲು ಹಾಕುವ ಹಿರಿಯ ಅಕ್ಕ ಫ್ರಿಜ್ಜು, ಫ್ಯಾನು ಕಿತ್ತ ಹಾಗೆಯೇ ಸರ್ವರನ್ನೂ ಯುಪಿಎಸ್ ಸಮೇತ ಕಿತ್ತು ಮನೆಗೆ ಹೋದರು. ಭಾನುವಾರ, ಸೋಮವಾರ ರಜೆ. ಮಂಗಳವಾರ ಬೆಳಿಗ್ಗೆ ನೋಡಿದರೆ ಸರ್ವರ್ ತಣ್ಣಗೆ ಕೂತಿದೆ!

ಧಣಿಗಳು ಕೆಂಡವಾದರು. "ಯಾರ್ಯಾರು ಬರೆದಿದ್ದಾರೆ ಅಂತಲೇ ಗೊತ್ತಿಲ್ಲ, ಇನ್ನು ಯಾರ ಹತ್ರ ಪುನಃ ಕೇಳುವುದು? ಅಕ್ಕಾ, ಎರಡು ದಿನದ ಇಮೇಲ್ ಬಾರದಿದ್ರೆ ನಾಳೆಯಿಂದ ನೀವೂ ಬರುವುದು ಬೇಡ."

"ಸಿಡಿಲು ಬಡಿದ್ರೆ ಮೆಶಿನೇ ಹೋಗ್ತದಲ್ಲ ಅಂತ ಕಿತ್ತೆ," ಎಂದು ಅಕ್ಕ ಸೆರಗು ಹಿಂಡುತ್ತ ನಿಂತರು. ಆಯುಷ್ಯವೆಲ್ಲ ಅಲ್ಲೇ ದುಡಿದವರು. ನನ್ನದು ಎಂಥ ಹಾಳು ಮನಸ್ಸು ನೋಡಿ! ಬಾರದಿದ್ದರೆ ಬಾರದಿರಲಿ, ಆಗಲಾದರೂ ಇನ್ನೊಂದು ಸರ್ವರ್ ಬರುತ್ತದೆ ಎಂದು ಒಳಗೊಳಗೇ ಬಯಸುತ್ತಿತ್ತು.

ಪ್ಲಗ್ ಚುಚ್ಚಿದೆ. ಕಾಲು ಗಂಟೆ ಏನೂ ಇಲ್ಲ. ಆಮೇಲೆ ದುಬೈಯಿಂದ ಒಂದು ಬಂತು. ಮತ್ತೆರಡು. ಮಧ್ಯಾಹ್ನದೊಳಗೆ ಶನಿವಾರದ್ದು, ಭಾನುವಾರದ್ದು, ಸೋಮವಾರದ್ದು, ಎಲ್ಲವೂ ಬಂದು ಬಿದ್ದವು. ನಮ್ಮ ಬಾಗಿಲು ಮುಚ್ಚಿದ್ದರೆ ಕಳಿಸಿದವರ ಸರ್ವರ್ ಇಮೇಲನ್ನು ಎಸೆಯುವುದಿಲ್ಲ, ನಾಲ್ಕೈದು ದಿನ ಮತ್ತೆ ಮತ್ತೆ ಬಂದು ತಟ್ಟುತ್ತದೆ. ಇದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ನಂಬಿರಲಿಲ್ಲ, ಅಷ್ಟೇ. ಅಬ್ಬಾ! ನಮ್ಮ ಗುರುತೇ ಇಲ್ಲದ ಯಾವುದೋ ದೇಶದ ಯಂತ್ರಗಳು ಎರಡು ದಿನಕ್ಕೂ ಹೆಚ್ಚು ಹೊತ್ತು ಈ ಪಂಪ್‌ವೆಲ್‌ನ ಕೋಣೆಗೆ ಅಲೆದಿದ್ದವು. ನನ್ನ ಮೈ ಜುಮ್ಮೆಂದಿತು.

ಇದನ್ನೆಲ್ಲ ಇಬ್ಬರಿಗೂ ಬಿಡಿಸಿ ಹೇಳಿದ ಮೇಲೆ ಧಣಿಗಳು ತಣ್ಣಗಾದರು. "ಹಾಗಾದ್ರೆ ಆ ಇನ್ನೊಂದು ಸರ್ವರ್ ಬೇಕಾ, ಬೇಡವಾ? ಸರಿಯಾಗಿ ಹೇಳು."

ಸುಳ್ಳು ಹೇಳಬಹುದಿತ್ತು. "ಬೇಡ ಧಣಿ," ಎಂದೆ.

ಅಕ್ಕ ಇನ್ನೂ ಪರದೆಯನ್ನೇ ನೋಡುತ್ತಿದ್ದರು. "ಪಾಪ, ಅಷ್ಟು ಸಲ ಬಂದು ವಾಪಸ್ ಹೋದವಾ?" ಎಂದರು. "ಒಂದಕ್ಕೂ ಸಿಟ್ಟು ಬರ್ಲಿಲ್ವಾ?"

ನಾನೂ ಧಣಿಗಳೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.