ದೋಣಿಯ ಮಣಿಕಟ್ಟು

ಹೋದ ವರ್ಷ ನನ್ನ ಗಂಡನಿಗೆ ಸಣ್ಣದಾಗಿ ಸ್ಟ್ರೋಕ್ ಆಯಿತು. ಕೈಕಾಲು ಬೇಗ ಸುಧಾರಿಸಿದವು. ಮಾತಿನಲ್ಲಿ ಮಾತ್ರ ಪದಗಳು ಅದಲುಬದಲಾಗಿ ಬರತೊಡಗಿದವು. ಕಾಫಿ ಬೇಕಾದಾಗ ಚಪ್ಪಲಿ ಎನ್ನುವರು. ಬಿಸಿ ಎನ್ನಬೇಕಾದಲ್ಲಿ ತಣ್ಣಗೆ, ಬಲ ಎನ್ನಬೇಕಾದಲ್ಲಿ ಎಡ. ಯಾವಾಗಲೂ ತಿರುವುಮುರುವಾಗಿದ್ದರೆ ನಾನೂ ಮನಸ್ಸಿನಲ್ಲೇ ತಿರುಗಿಸಿಕೊಂಡು ಅರ್ಥ ಮಾಡಿಕೊಳ್ಳುತ್ತಿದ್ದೆ. ಆದರೆ ಎಷ್ಟೋ ಸಲ ಸರಿಯಾಗಿಯೇ ಹೇಳುತ್ತಿದ್ದರು. ಯಾವ ಸಲ ಸರಿ, ಯಾವ ಸಲ ತಪ್ಪು ಎಂದು ತಿಳಿಯುವ ದಾರಿ ಇರಲಿಲ್ಲ.

ಈ ಸಲದ ವಸಂತದಲ್ಲಿ ಒಂದು ಬೆಳಿಗ್ಗೆ, ಬೇ ಏರಿಯಾದ ಡಬ್ಲಿನ್ನಿನ ನಮ್ಮ ಮನೆಯಲ್ಲಿ ನಾನು ದೋಸೆ ಹುಯ್ಯುತ್ತಿದ್ದಾಗ ಅವರು ಬಂದು ಪಕ್ಕದಲ್ಲಿ ನಿಂತರು. ಬಲಗೈ ಮುಂದೆ ಚಾಚಿ, ಅಂಗೈಯನ್ನು ಮೇಲೆ ಕೆಳಗೆ ಆಡಿಸಿ, "ಮಣಿಕಟ್ಟು ಹೋಗಿದೆ" ಎಂದರು.

"ನೋಯ್ತಿದೆಯೇನ್ರೀ?"

"ಹೌದು."

ಒತ್ತಿ ನೋಡಿದೆ. "ಇಲ್ಲೇನಾ?"

"ಹೌದು. ಅಲ್ಲ. ಹೌದು." ಆಮೇಲೆ ಬೇಸತ್ತು ಕೈ ಎಳೆದುಕೊಂಡರು.

ಸ್ಟ್ರೋಕ್ ಆದ ಕಡೆಯ ಕೈ ಅದು. ಒಲೆ ಆರಿಸಿ ಡಾಕ್ಟರ ಆಫೀಸಿಗೆ ಫೋನು ಮಾಡಿದೆ. ಮಧ್ಯಾಹ್ನ ಕರೆದುಕೊಂಡು ಹೋಗಿ ತೋರಿಸಿದೆ. ಎಕ್ಸ್‌ರೇ ತೆಗೆದರು, ಬೆರಳು ಹಿಡಿಸಿ ಬಿಡಿಸಿ ನೋಡಿದರು. ಏನೂ ಆಗಿಲ್ಲ ಎಂದರು. ವಾಪಸು ಬರುವಾಗ ಫ್ರೀವೇಯಲ್ಲಿ ಅವರು ನನ್ನ ಕಡೆ ನೋಡಲೇ ಇಲ್ಲ. ನನಗೂ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ.

ಸಂಜೆ ವಾಲ್ನಟ್ ಕ್ರೀಕಿನಲ್ಲಿರುವ ಮಗಳು ಫೋನು ಮಾಡಿದಳು. ಎಲ್ಲ ಹೇಳಿಕೊಂಡೆ.

"ಅಮ್ಮಾ, ಇಟ್ಸ್ ದ ಬೋಟ್," ಎಂದಳು. "ಲಾಸ್ಟ್ ಸಂಡೇ ನಾನೂ ಅಪ್ಪನೂ ನೋಡಕ್ಕೆ ಹೋಗಿದ್ವಲ್ಲ. ಅದರ ಜಾಯಿಂಟ್ ಕ್ರ್ಯಾಕ್ ಆಗಿದೆ. ಹೀ ವಾಂಟ್ಸ್ ಟು ಫಿಕ್ಸ್ ಇಟ್."

ನಮ್ಮದೊಂದು ಪುಟ್ಟ ಹಾಯಿದೋಣಿ ಇದೆ, ಇಬ್ಬರು ಕೂರುವಷ್ಟು. ಸೇತುವೆ ದಾಟಿ, ಮೆನ್ಲೋ ಪಾರ್ಕಿನಿಂದ ಇನ್ನೂ ದಕ್ಷಿಣಕ್ಕೆ, ಬೇ ಎನ್ನುವ ಸಮುದ್ರಕೊಲ್ಲಿಯ ಪಕ್ಕದ ಕೆರೆಯ ದಂಡೆಯಲ್ಲಿ ಬಾಡಿಗೆ ಜಾಗದಲ್ಲಿ ಇಟ್ಟಿದ್ದೇವೆ. ಉಳ್ಳಾಲದ ಕಡೆ ಹುಟ್ಟಿದ ಅವರಿಗೆ ನೀರು ಎಂದರೆ ಮನೆ. ಮೈಸೂರಿನವಳಾದ ನಾನು ಇಷ್ಟು ವರ್ಷವೂ ಅದರಲ್ಲಿ ಭಾರಕ್ಕೆಂದು ಕೂತವಳು. ಈ ಕಡೆ ಕೂರು ಎಂದರೆ ಈ ಕಡೆ, ಆ ಕಡೆ ಎಂದರೆ ಆ ಕಡೆ.

ಶನಿವಾರ ಹೋಗಿ ನೋಡಿದೆವು. ದೋಣಿಯ ಹಿಂದೆ ಚುಕ್ಕಾಣಿ, ಅದನ್ನು ತಿರುಗಿಸಲು ಮರದ ಹಿಡಿ. ಅಂಚಿನಲ್ಲಿ ಕೂತವರಿಗೆ ಆ ಹಿಡಿ ಎಟುಕುವುದಿಲ್ಲ. ಅದಕ್ಕೆ ಅದರ ತುದಿಗೆ ಉದ್ದನೆಯ ಟೊಳ್ಳು ಕೋಲೊಂದನ್ನು ಸೇರಿಸಿರುತ್ತಾರೆ. ಎರಡರ ನಡುವೆ ಬೆರಳುದ್ದದ ಕಪ್ಪು ರಬ್ಬರಿನ ಜಾಯಿಂಟು, ಎಲ್ಲ ಕಡೆಗೂ ಬಾಗುವಂಥದು. ಅದು ಬಿಸಿಲಿಗೆ ಒಣಗಿ ಸೀಳಿತ್ತು. ಅವರು ಅದನ್ನು ಬಾಗಿಸಿ ತೋರಿಸಿ, ಮತ್ತೆ ತಮ್ಮ ಕೈಯನ್ನು ಬಾಗಿಸಿ ತೋರಿಸಿದರು. ನಾನು ತಲೆಯಾಡಿಸಿದೆ. ನಾಚಿಕೆಯಾಯಿತು. ಹಿಡಿಯನ್ನೂ ಕೋಲನ್ನೂ ಬಿಚ್ಚಿ ಮನೆಗೆ ತಂದೆವು.

ಹೊಸದನ್ನು ಆನ್‌ಲೈನಿನಲ್ಲಿ ತರಿಸಲು ಕೂತಾಗ ಎರಡು ಅಳತೆ ಕಂಡವು. "ಯಾವುದ್ರೀ?" ಎಂದೆ. "ದೊಡ್ಡದು," ಎಂದರು. ಇದು ಚಿಕ್ಕದಿರಬಹುದೇ ಎಂದು ಅನುಮಾನಪಟ್ಟೆ. ಅನುಮಾನಪಡುವುದು ಅವಮಾನವಾಗುತ್ತದೇನೋ ಎಂದು ದೊಡ್ಡದನ್ನೇ ತರಿಸಿದೆ. ಅದು ಕೋಲಿನ ಬಾಯೊಳಕ್ಕೆ ಹೋಗಲೇ ಇಲ್ಲ. ಅವರು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ನಾನು ಚಿಕ್ಕದು ಅಂದೆ," ಎಂದರು.

"ದೊಡ್ಡದು ಅಂದ್ರಿ."

"ಚಿಕ್ಕದು ಅಂದೆ ಮಾರಾಯ್ತಿ." ಅವರ ಕಿವಿಗೆ ಕೇಳಿದ ಪದವೂ ನನ್ನ ಕಿವಿಗೆ ಬಿದ್ದ ಪದವೂ ಬೇರೆಬೇರೆಯೇ ಎಂಬುದು ನನಗೆ ಆಗಲೇ ಹೊಳೆದದ್ದು. ಇಷ್ಟು ತಿಂಗಳು ಅವರು ತಮ್ಮ ಮಟ್ಟಿಗೆ ಸರಿಯಾಗಿಯೇ ಮಾತಾಡುತ್ತಿದ್ದರು.

ಚಿಕ್ಕದು ಬಂತು. ಗರಾಜಿನಲ್ಲಿ ಕೋಲನ್ನು ಮಂಡಿಗಳ ನಡುವೆ ಹಿಡಿದು ರಬ್ಬರನ್ನು ಅದಕ್ಕೆ ಬಿಗಿದಿದ್ದ ಹಳೆಯ ರಿವೆಟ್ಟಿನ ಮೊಳೆಗೆ ನಾನು ಡ್ರಿಲ್ಲು ಒತ್ತಿದೆ. ರಿವೆಟ್ಟು ಕೊರೆದುಹೋಗುವ ಬದಲು ಡ್ರಿಲ್ಲಿನ ಜೊತೆಗೇ ಗಿರಗಿರ ಸುತ್ತತೊಡಗಿತು. ನಾನೇನು ತಪ್ಪು ಮಾಡಿದೆ ಎಂದು ಗೊತ್ತಾಗದೆ ಇನ್ನೂ ಜೋರಾಗಿ ಒತ್ತಿದೆ. ಅವರು ಬಾಯಿ ತೆರೆದು, ಮುಚ್ಚಿಕೊಂಡು, ಇಕ್ಕಳ ತಂದು ರಿವೆಟ್ಟಿನ ತಲೆಯನ್ನು ಕಚ್ಚಿ ಹಿಡಿದರು. ಅದು ತುಂಡಾಗಿ ಬಿತ್ತು. ಆಮೇಲೆ ಎಲ್ಲ ಹಾಗೆಯೇ ನಡೆಯಿತು. ಸೀಳಿದ ರಬ್ಬರನ್ನು ಎಳೆದು ತೆಗೆದೆವು, ಹೊಸದನ್ನು ತಟ್ಟಿ ಕೂರಿಸಿದೆವು. ರಿವೆಟ್ಟಿಗೆ ತೂತು ಎಲ್ಲಿ ಎಂದು ಅವರು ಉಗುರಿನಿಂದ ಗೀರಿ ತೋರಿಸಿದರು. ಇನ್ನೊಂದು ತುದಿಯನ್ನು ಮರದ ಹಿಡಿಗೆ ಸ್ಕ್ರೂ ಹಾಕಿ ಬಿಗಿದೆವು. ಒಂದೂ ಮಾತಿಲ್ಲದೆ ಕೆಲಸ ಮುಗಿದಿತ್ತು.

ಮರುವಾರ ಲೈಫ್‌ ಜಾಕೆಟ್ಟು ಹಾಕಿಕೊಂಡು ನೀರಿಗಿಳಿದೆವು. ಬಲಗೈಯಲ್ಲಿ ಮೊದಲಿನಷ್ಟು ಶಕ್ತಿ ಇಲ್ಲದ್ದರಿಂದ ಹಾಯಿಯ ಹಗ್ಗ ಅವರ ಎಡಗೈಗೆ, ಕೋಲು ನನಗೆ. ಕೋಲನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ ಎಂಬುದೇ ನನ್ನ ತಲೆಯಲ್ಲಿ ಕೂರುತ್ತಿರಲಿಲ್ಲ. ಅದರ ಮೇಲೆ ಅವರು "ಎಡಕ್ಕೆ" ಎಂದರು. ಎಡಕ್ಕೆ ಹೋಗಬೇಕಾದದ್ದು ದೋಣಿಯೋ ಕೋಲೋ? ಅಥವಾ ಅವರ ಮನಸ್ಸಿನಲ್ಲಿದ್ದದ್ದು ಬಲವೋ? ನಾನು ಲೆಕ್ಕ ಹಾಕುತ್ತಿರುವಾಗಲೇ ದೋಣಿ ಗಾಳಿಗೆ ಮುಖ ಮಾಡಿ ನಿಂತಿತು. ಹಾಯಿ ಪಟಪಟ ಬಡಿಯಿತು.

"ನಂಗೆ ಏನೂ ಅರ್ಥ ಆಗ್ತಿಲ್ಲ ಕಣ್ರೀ," ಎಂದೆ.

ಅವರು ಸುಮ್ಮನೆ ಭುಜವನ್ನು ಒಂದು ಕಡೆಗೆ ವಾಲಿಸಿದರು. ಹೋಗಬೇಕಾದದ್ದು ಆ ಕಡೆ. ಅಲ್ಲಿಂದ ನಾನು ಅವರ ಬಾಯಿ ನೋಡುವುದನ್ನು ಬಿಟ್ಟು ಭುಜ ನೋಡಿದೆ. ಅರ್ಧ ಕೆರೆ ಚೆನ್ನಾಗಿಯೇ ದಾಟಿದೆವು. ಆಚೆ ದಡದ ಕೆಸರಿಗೆ ಸಿಕ್ಕಿಕೊಂಡದ್ದು ಯಾರ ತಪ್ಪೋ ತಿಳಿಯದು. ಭುಜ ವಾಲಿದ್ದು ಬಹುಶಃ ಆಯಾಸಕ್ಕೆ. ಇಬ್ಬರೂ ಇಳಿದು, ಮಂಡಿವರೆಗೆ ಕೆಸರು ಮಾಡಿಕೊಂಡು ದೋಣಿ ತಳ್ಳಿದೆವು.

ಕಾರಿನಲ್ಲಿ ಕಾಲು ಒರೆಸಿಕೊಳ್ಳುತ್ತಾ ಅವರು, "ನಿನ್ನೆ ಮತ್ತೆ ಬರೋಣ," ಎಂದರು.

"ಬರೋಣ," ಎಂದೆ.

ಮರುದಿನ ಗಾಳಿ ವಿಪರೀತವಾಗಿದ್ದು ಹೋಗಲಾಗಲಿಲ್ಲ. ಅದರ ಮುಂದಿನ ವಾರ ಹೋದೆವು. ಅಂದು ಅವರು ಹೇಳಿದ ಎಡಬಲಗಳೆಲ್ಲ ಸರಿಯಾಗಿದ್ದವು. ನಾನು ನಂಬದೆ ಪ್ರತಿಸಲವೂ ತಡಮಾಡಿದೆ.